‘ಡೆಡ್’ ಎಂಬ ಮಾತಿನ ಬೆನ್ನು ಹತ್ತಿ ಯಲಹಂಕಕ್ಕೆ

ತಿಪಟೂರಿನಲ್ಲಿ ನಾನು ರೈಲು ಹತ್ತಿದ್ದು ಗುರುವಾರ ಬೆಳಿಗ್ಗೆ ಒಂಬತ್ತರ ಸುಮಾರಿಗೆ. ಜನರಲ್ ಬೋಗಿಯಾದರೂ ಅದೃಷ್ಟಕ್ಕೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಚೀಲದಲ್ಲಿ ಒಂದು ಜೊತೆ ಬಟ್ಟೆ, ನಾಲ್ಕು ಚಪಾತಿ, ಚಟ್ನಿಪುಡಿ ಮತ್ತು ಒಂದು ಇಂಗ್ಲಿಷ್–ಕನ್ನಡ ನಿಘಂಟು ಇದ್ದವು. ಇಪ್ಪತ್ತೊಂಬತ್ತು ವರ್ಷದಿಂದ ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದೇನೆ. ಊರು ಬಿಟ್ಟು ಹೋಗುವಾಗ ನಿಘಂಟು ಹೊತ್ತುಕೊಂಡು ಹೋದದ್ದು ಅದೇ ಮೊದಲು.

ನನ್ನ ತಮ್ಮ ತಿಪಟೂರಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾನೆ. ಅವನ ಮಗಳು ಸಿಂಚನಾ ಯಲಹಂಕದ ಹತ್ತಿರದ ಒಂದು ಖಾಸಗಿ ಕಾಲೇಜಿನಲ್ಲಿ ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದಾಳೆ. ಮಂಗಳವಾರ ಸಂಜೆ ಕಾಲೇಜಿನಿಂದ ತಮ್ಮನಿಗೆ ಫೋನು ಬಂತು. ನಿಮ್ಮ ಮಗಳು ತರಗತಿಯ ಮೊಬೈಲ್ ಗುಂಪಿನಲ್ಲಿ ಸಹಪಾಠಿಯೊಬ್ಬಳಿಗೆ ಪ್ರಾಣಬೆದರಿಕೆ ಹಾಕಿದ್ದಾಳೆ, ಆ ಹುಡುಗಿಯ ತಂದೆ ಲಿಖಿತ ದೂರು ಕೊಟ್ಟಿದ್ದಾರೆ, ಶುಕ್ರವಾರ ಹತ್ತೂವರೆಗೆ ಶಿಸ್ತು ಸಮಿತಿಯ ಮುಂದೆ ಬನ್ನಿ, ತಪ್ಪು ಸಾಬೀತಾದರೆ ಈ ಸೆಮಿಸ್ಟರಿನ ಪರೀಕ್ಷೆಗೆ ಕೂರಿಸುವುದಿಲ್ಲ ಎಂದರಂತೆ. ತಮ್ಮನಿಗೆ ಮಂಡಿ ಆಪರೇಷನ್ ಆಗಿ ಇನ್ನೂ ಮೂರು ವಾರವಾಗಿಲ್ಲ. ಗೋಡೆ ಹಿಡಿದುಕೊಂಡು ನನ್ನ ಮನೆಯ ತನಕ ಬಂದ.

“ಅಕ್ಕ, ನೀನು ಹೋಗು. ನಿಂಗೆ ಇಂಗ್ಲಿಷ್ ಬರುತ್ತೆ. ಅವ್ಳು ಏನ್ ಬರ್ದವ್ಳೆ ಅಂತ ಮೊದ್ಲು ನೋಡು. ನನ್ ಮಗ್ಳು ಯಾರನ್ನಾದ್ರೂ ಕೊಲ್ತೀನಿ ಅಂತಾಳಾ?” ಎಂದ.

ಅವಳು ಬರೆದದ್ದರ ಫೋಟೊ ನನ್ನ ಫೋನಿಗೆ ಬಂದಿತ್ತು. ಮೊದಲ ಸಾಲಿನಲ್ಲಿ ಇಂಗ್ಲಿಷಿನಲ್ಲಿ ‘ಡೆಡ್’ ಎಂಬ ಒಂದೇ ಮಾತು, ಪಕ್ಕದಲ್ಲಿ ನಾಲ್ಕು ತಲೆಬುರುಡೆಯ ಚಿತ್ರ. ಸ್ವಲ್ಪ ಕೆಳಗೆ ‘ಶೀ ಈಸ್ ಫಿನಿಶ್ಡ್’. ಅದರ ಕೆಳಗೆ ಬೇರೆ ಬೇರೆ ಹೆಸರುಗಳಲ್ಲಿ ಮತ್ತೆ ಡೆಡ್, ಡೆಡ್, ಬುರುಡೆ, ಬುರುಡೆ. ಸಿಂಚನಾಳಿಗೆ ಫೋನು ಮಾಡಿದರೆ “ಅದು ಸ್ಲ್ಯಾಂಗ್ ಅತ್ತೆ, ನಿಮಗೆ ಗೊತ್ತಾಗಲ್ಲ” ಎಂದು ಅತ್ತಳೇ ಹೊರತು ಬೇರೇನೂ ಹೇಳಲಿಲ್ಲ. ನಿಘಂಟಿನಲ್ಲಿ ಆ ಪದಕ್ಕೆ ಸತ್ತ, ನಿರ್ಜೀವ, ಜಡ ಎಂಬ ಅರ್ಥಗಳಿದ್ದವು. ಯಾವುದೂ ಸಿಂಚನಾಳ ಪರವಾಗಿರಲಿಲ್ಲ.

ಗುಬ್ಬಿ ದಾಟಿದ ಮೇಲೆ ಎದುರಿನ ಸೀಟಿನಲ್ಲಿದ್ದ ಹುಡುಗಿಯನ್ನು ಕೇಳಿಯೇಬಿಟ್ಟೆ. ನರ್ಸಿಂಗ್ ಓದುತ್ತಿದ್ದವಳು, ಹೆಬ್ಬಾಳದ ಕಡೆ ಎಲ್ಲೋ ತರಬೇತಿಗೆ ಹೋಗುತ್ತಿದ್ದಳು. ಫೋಟೊ ನೋಡಿದ ಕೂಡಲೇ ನಕ್ಕಳು.

“ಆಂಟಿ, ಡೆಡ್ ಅಂದ್ರೆ ಸತ್ತೇಹೋದೆ ಅಂತ. ನಕ್ಕು ನಕ್ಕು ಸತ್ತೆ ಅಂತೀವಲ್ಲ, ಹಂಗೆ. ಬುರುಡೆನೂ ಅದೇ. ನಗೋ ಮುಖದ ಚಿತ್ರ ಈಗ ಯಾರೂ ಹಾಕಲ್ಲ, ಅದು ನಿಮ್ಮ ಕಾಲದ್ದು.”

“ಹಾಗಾದರೆ ಬೆದರಿಕೆ ಅಲ್ಲ?”

“ಅಯ್ಯೋ, ಸೀನೇ ಇಲ್ಲ.”

ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಚಪಾತಿ ಬಿಚ್ಚಿ ಅವಳಿಗೂ ಒಂದು ಕೊಟ್ಟೆ. ನಾವು ತುಮಕೂರಿನಲ್ಲಿ ಬಿ.ಎಡ್. ಓದುವಾಗ ಹಾಸ್ಟೆಲಿನಲ್ಲಿ ‘ರೀಲು ಬಿಡಬೇಡ’ ಎಂದರೆ ಸುಳ್ಳು ಹೇಳಬೇಡ ಎಂದರ್ಥ ಎಂದು ಹೇಳಿದೆ. ಅವಳಿಗೆ ಆಶ್ಚರ್ಯ. ಅವಳ ಪ್ರಕಾರ ರೀಲು ಎಂದರೆ ಫೋನಿನಲ್ಲಿ ನೋಡುವ ತುಂಡು ವಿಡಿಯೋ. ಬುರುಡೆ ಬಿಡುವುದು ಎಂದರೂ ನಮಗೆ ಸುಳ್ಳೇ. ವಾರ್ಡನ್ನಿಗೆ ತಿಳಿಯಬಾರದೆಂದು ನಾವು ಕಟ್ಟಿಕೊಂಡ ಮಾತುಗಳು ಎಷ್ಟಿದ್ದವೋ. ಸಿನಿಮಾಗೆ ಹೋಗುವುದಕ್ಕೆ ‘ಲೈಬ್ರರಿ’ ಎನ್ನುತ್ತಿದ್ದೆವು. ಆ ಮಾತು ಆಡುವಾಗಿನ ಸುಖವೇ ಬೇರೆ ಇತ್ತು. ಒಳಗಿರುವವರಿಗೆ ತಿಳಿಯಬೇಕು, ಹೊರಗಿರುವವರಿಗೆ ತಿಳಿಯಬಾರದು.

ಚಿಕ್ಕಬಾಣಾವರ ಬಂದಾಗ ಆ ಹುಡುಗಿ ಎದ್ದು ಚೀಲ ಇಳಿಸಿಕೊಳ್ಳುತ್ತ ಒಂದು ಮಾತು ಹೇಳಿದಳು. “ಯಾರ ಮೇಲೆ ಹಾಕಿದ್ದಾರೆ ಅನ್ನೋದು ನೋಡಿ ಆಂಟಿ. ಫ್ರೆಂಡ್ ಜೋಕ್ ಹೊಡೆದಾಗ ಡೆಡ್ ಅಂದ್ರೆ ಹೊಗಳಿದ ಹಂಗೆ. ಯಾರೋ ಕಾಲು ಜಾರಿ ಬಿದ್ದಾಗ ಅಂದ್ರೆ ಅದು ಬೇರೆ.”

ಆಗ ಆ ಮಾತು ನನ್ನ ಕಿವಿಗೆ ಬಿದ್ದಿತಷ್ಟೆ.

ಯಶವಂತಪುರದಲ್ಲಿ ಇಳಿದಾಗ ಹನ್ನೆರಡು ಗಂಟೆ. ಮೋಡ ಕವಿದಿತ್ತು, ತಣ್ಣಗೆ ಗಾಳಿ ಬೀಸುತ್ತಿತ್ತು. ಹೊರಗೆ ಆಟೋದವರು ಯಲಹಂಕ ಎಂದ ಕೂಡಲೇ ನಾನ್ನೂರು, ನಾನ್ನೂರೈವತ್ತು ಎಂದರು. ಬಸ್ಸಿಗೇ ಹೋದೆ. ಆಧಾರ್ ಕಾರ್ಡು ತೋರಿಸಿದರೆ ಹೆಂಗಸರಿಗೆ ಶೂನ್ಯ ದರದ ಚೀಟಿ, ಹೆಬ್ಬಾಳದವರೆಗೆ ಖರ್ಚಿಲ್ಲದೆ ತಲುಪಿದೆ. ಬಿಇಎಲ್ ಸರ್ಕಲ್ ದಾಟಿದ ಮೇಲೆ ಬಸ್ಸು ನಡೆದಿದ್ದಕ್ಕಿಂತ ನಿಂತಿದ್ದೇ ಹೆಚ್ಚು. ಹೆಬ್ಬಾಳದ ಮೇಲ್ಸೇತುವೆಯ ಸುತ್ತ ಕಂಬ ಎಬ್ಬಿಸುತ್ತಿದ್ದರು, ಧೂಳಿಗೆ ಕಿಟಕಿ ಮುಚ್ಚಬೇಕಾಯಿತು.

ನನ್ನ ಮುಂದಿನ ಸೀಟಿನಲ್ಲಿ ಕೊರಳಿಗೆ ಗುರುತಿನ ಚೀಟಿ ತೂಗುಹಾಕಿಕೊಂಡಿದ್ದ ಯುವಕನೊಬ್ಬ ಫೋನಿನಲ್ಲಿದ್ದ. “ಮಚ್ಚಾ, ಹೆಬ್ಬಾಳ ಫುಲ್ ಪ್ಯಾಕ್ ಕಣೋ. ನಾನ್ ಇವತ್ತು ಕುಕ್ಡ್, ಕಥೆ ಮುಗೀತು. ಬಾಸ್ ಕೇಳಿದ್ರೆ ಹೆಂಗೋ ಮ್ಯಾನೇಜ್ ಮಾಡು ಗುರು” ಎನ್ನುತ್ತಿದ್ದ. ಅಷ್ಟರಲ್ಲಿ ಇನ್ನೊಂದು ಕರೆ ಬಂತು. ನೆಟ್ಟಗೆ ಕುಳಿತ, ಗಂಟಲು ಸರಿಮಾಡಿಕೊಂಡ. “ಗುಡ್ ಆಫ್ಟರ್‌ನೂನ್ ಸರ್. ಐ ವಿಲ್ ಬಿ ರೀಚಿಂಗ್ ಶಾರ್ಟ್‌ಲಿ ಸರ್.” ಅದು ಮುಗಿದ ಮೇಲೆ ಮತ್ತೆ ಬೆನ್ನು ಸಡಿಲಬಿಟ್ಟು ಮಚ್ಚಾನ ಹತ್ತಿರ ಹೋದ. ಅರ್ಧ ನಿಮಿಷದಲ್ಲಿ ಒಂದೇ ಬಾಯಿಂದ ಎರಡು ಇಂಗ್ಲಿಷ್ ಕೇಳಿದೆ. ಒಂದರಲ್ಲಿ ಅವನಿಗೆ ಭಯವಿತ್ತು. ಇನ್ನೊಂದರಲ್ಲಿ ಆ ಭಯವನ್ನು ಹೇಳಿಕೊಳ್ಳಲು ಜಾಗವಿತ್ತು.

ಹೆಬ್ಬಾಳದಲ್ಲಿ ಬಸ್ಸು ಬದಲಿಸಿದೆ. ಕೊಡಿಗೇಹಳ್ಳಿ ಗೇಟು, ಸಹಕಾರನಗರ, ಜಕ್ಕೂರು ಆಗಿ ಯಲಹಂಕ. ಜಕ್ಕೂರಿನ ಹತ್ತಿರ ಪುಟ್ಟ ವಿಮಾನವೊಂದು ತಗ್ಗಿನಲ್ಲಿ ಹಾರುತ್ತ ಹೋದರೂ ಬಸ್ಸಿನಲ್ಲಿ ತಲೆಯೆತ್ತಿ ನೋಡಿದ್ದು ನಾನೊಬ್ಬಳೇ. ಸಿಂಚನಾ ಇರುವ ಪಿ.ಜಿ. ಅಟ್ಟೂರಿನಲ್ಲಿ, ನಾಲ್ಕು ಮಹಡಿಯ ಹಸಿರು ಬಣ್ಣದ ಕಟ್ಟಡ. ಅತಿಥಿಗೆ ಒಂದು ರಾತ್ರಿಗೆ ಮುನ್ನೂರು, ಊಟ ಸೇರಿ. ಬಾಗಿಲಲ್ಲೇ ನಿಂತಿದ್ದ ಸಿಂಚನಾಳ ಗುರುತೇ ಅರೆಕ್ಷಣ ಸಿಗಲಿಲ್ಲ, ಅಷ್ಟು ಸೊರಗಿದ್ದಳು.

ಸಂಜೆ ಹತ್ತಿರದ ದರ್ಶಿನಿಗೆ ಕರೆದುಕೊಂಡು ಹೋದೆ. ಖಾಲಿ ದೋಸೆ, ಒನ್ ಬೈ ಟೂ ಕಾಫಿ. ನಿಂತೇ ತಿನ್ನಬೇಕು. ರೈಲಿನ ಹುಡುಗಿ ಹೇಳಿದ್ದನ್ನು ಹೇಳಿ, “ನಾಳೆ ಇದನ್ನೇ ಸಮಿತಿಯ ಮುಂದೆ ವಿವರಿಸಿದರೆ ಮುಗಿಯಿತಲ್ಲ. ನಗು ಎಂದು ಹೇಳು. ಅಳುವುದಕ್ಕೆ ಏನಿದೆ?” ಎಂದೆ.

ಸಿಂಚನಾ ದೋಸೆ ಮುರಿಯುವುದನ್ನು ನಿಲ್ಲಿಸಿದಳು. “ಯಾವುದಕ್ಕೆ ನಕ್ಕಿದ್ದು ಅಂತ ನೋಡಿ ಅತ್ತೆ” ಎಂದು ಫೋನು ಕೊಟ್ಟಳು.

ನಲವತ್ತು ಸೆಕೆಂಡಿನ ವಿಡಿಯೋ. ತರಗತಿಯ ಮುಂದೆ ತಲೆಗೆ ಬೂದು ಬಣ್ಣದ ಬಟ್ಟೆ ಸುತ್ತಿಕೊಂಡ ಹುಡುಗಿಯೊಬ್ಬಳು ನಿಂತಿದ್ದಾಳೆ. ಅವಳೇ ಅಫ್ರೀನ್. ಆರ್.ಟಿ. ನಗರದಲ್ಲಿ ಮನೆ, ಅಪ್ಪನಿಗೆ ಪರದೆ ಬಟ್ಟೆಯ ಅಂಗಡಿ. ಸಣ್ಣ ವ್ಯಾಪಾರಗಳ ಬಗ್ಗೆ ಸೆಮಿನಾರ್ ಕೊಡುತ್ತ ಆ ಅಂಗಡಿಯನ್ನೇ ಉದಾಹರಣೆಗೆ ತೆಗೆದುಕೊಂಡಿದ್ದಳು. ಕಾಗದ ನೋಡಿಕೊಂಡೇ ಆದರೂ ಚೆನ್ನಾಗಿಯೇ ಹೇಳುತ್ತಿದ್ದಳು. ಕೊನೆಗೆ ಕಾಗದ ಕೆಳಗಿಟ್ಟು ತನ್ನದೇ ಮಾತಿನಲ್ಲಿ ಒಂದು ವಾಕ್ಯ ಸೇರಿಸಿದಳು. ‘ಮೈ ಫಾದರ್ ಈಸ್ ಆಲ್ವೇಸ್ ಅಟ್ ಮೈ ಬ್ಯಾಕ್‌ಸೈಡ್.’ ನಮ್ಮಪ್ಪ ಯಾವಾಗಲೂ ನನ್ನ ಬೆನ್ನ ಹಿಂದೆ ಇರುತ್ತಾರೆ ಎಂದು ಹೇಳಲು ಹೊರಟವಳು. ತರಗತಿ ಹೋ ಎಂದು ನಕ್ಕಿತು. ಅವಳಿಗೆ ಯಾಕೆಂದು ತಿಳಿಯಲಿಲ್ಲ, ತಾನೂ ಸ್ವಲ್ಪ ನಕ್ಕಳು. ಅಲ್ಲಿಗೆ ವಿಡಿಯೋ ಮುಗಿಯುತ್ತದೆ.

ನನ್ನ ಕಿವಿ ಬಿಸಿಯಾಯಿತು. ಬ್ಯಾಕ್‌ಸೈಡ್ ಎಂದರೆ ಹೊರಗಿನ ಇಂಗ್ಲಿಷಿನಲ್ಲಿ ಕುಂಡೆ. ನಮ್ಮ ಇಂಗ್ಲಿಷಿನಲ್ಲಿ ಹಿಂಬದಿ. ‘ರೈಟ್ ಆನ್ ದ ಬ್ಯಾಕ್‌ಸೈಡ್ ಆಫ್ ದ ಪೇಪರ್’ ಎಂದು ನಾನು ಎಷ್ಟು ಸಾವಿರ ಮಕ್ಕಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಯಾರೂ ನಕ್ಕಿರಲಿಲ್ಲ, ಯಾಕೆಂದರೆ ಅಲ್ಲಿ ಎಲ್ಲರದೂ ಅದೇ ಇಂಗ್ಲಿಷ್.

“ಮೊದಲು ನೀನೇ ಹಾಕಿದೆಯಾ?” ಎಂದೆ.

“ಹೂಂ. ವಿಡಿಯೋ ಬಂದ ಹತ್ತು ಸೆಕೆಂಡಿಗೆ.”

“ಯಾಕೆ?”

ಅವಳು ಹೇಳಿದ್ದನ್ನು ಇಲ್ಲಿ ಹಾಗೆಯೇ ಬರೆಯುತ್ತೇನೆ. “ಫಸ್ಟ್ ಇಯರಲ್ಲಿ ಪರಿಚಯ ಮಾಡ್ಕೊಳ್ಳಿ ಅಂದ್ರು. ಐ ಯಾಮ್ ಸ್ಟೇಯಿಂಗ್ ಇನ್ ಆಸ್ಟೆಲ್ ಅಂದೆ. ಊರಲ್ಲಿ ಹೆಂಗ್ ಬರುತ್ತೋ ಹಂಗೆ ಬಂತು. ಆರು ತಿಂಗಳು ನನ್ ಹೆಸರು ಸಿಂಚನಾ ಅಲ್ಲ ಅತ್ತೆ, ಆಸ್ಟೆಲ್. ಏಯ್ ಆಸ್ಟೆಲ್, ನೋಟ್ಸ್ ಕೊಡು. ಆಮೇಲೆ ಈ ಮಾತುಗಳನ್ನ ಕಲ್ತೆ. ಬ್ರೋ, ಡೆಡ್, ಕುಕ್ಡ್, ಸ್ಲೇ. ಒಂದೊಂದೇ ಮಾತು. ವಾಕ್ಯ ಕಟ್ಟೋ ಹಂಗಿಲ್ಲ, ಟೆನ್ಸ್ ತಪ್ಪೋ ಹಂಗಿಲ್ಲ. ಬೇಗ ಹೇಳಿದ್ರೆ ಸಾಕು, ಎಲ್ಲಿಯವಳು ಅಂತ ಯಾರೂ ಕೇಳಲ್ಲ. ಈಗ ಎಲ್ರಿಗಿಂತ ಮೊದಲು ನಾನೇ ಹಾಕ್ತೀನಿ.”

ವ್ಯಾಕರಣ ಕಲಿಸಿ ಹೊಟ್ಟೆ ಹೊರೆದುಕೊಂಡವಳು ನಾನು. ಕಾಫಿ ಆರಿಹೋಗಿತ್ತು. ಇಬ್ಬರೂ ಪಿ.ಜಿ.ಗೆ ವಾಪಸಾದೆವು.

ಮರುದಿನ ಹತ್ತು ಗಂಟೆಗೇ ಕಾಲೇಜು ತಲುಪಿದೆವು. ಅಟ್ಟೂರಿನಿಂದ ಆಟೋದಲ್ಲಿ ಇಪ್ಪತ್ತು ನಿಮಿಷ. ಸಮಿತಿಯ ಕೋಣೆಯ ಮುಂದೆ ಉದ್ದನೆಯ ಬೆಂಚಿನ ಮೇಲೆ ಗಡ್ಡಕ್ಕೆ ಮೆಹೆಂದಿ ಹಚ್ಚಿದ್ದ ಒಬ್ಬರು ಕಾಗದದ ಕಟ್ಟು ಹಿಡಿದು ಕುಳಿತಿದ್ದರು. ಅಫ್ರೀನಳ ತಂದೆ ಜಬ್ಬಾರ್ ಸಾಹೇಬರು. ನಮ್ಮತ್ತ ನೋಡಲಿಲ್ಲ. ನಾನು ನೀರು ಕುಡಿಯಲು ಹೋದಾಗ ನಲ್ಲಿಯ ಹತ್ತಿರ ಅಫ್ರೀನ್ ತಾನಾಗಿಯೇ ಬಂದಳು.

“ನೀವು ಸಿಂಚನಾ ಅತ್ತೆ ಅಲ್ವಾ ಮೇಡಂ? ಒಂದ್ ಮಾತು. ಅದು ಬೆದರಿಕೆ ಅಲ್ಲ ಅಂತ ನಂಗೆ ಮೊದಲೇ ಗೊತ್ತು. ನಮ್ ಅಬ್ಬಾ ನನ್ ಫೋನ್ ನೋಡ್ಬಿಟ್ರು, ವಿಡಿಯೋ ಹಾಕಿ ನೋಡಿಲ್ಲ, ಕೆಳಗಿನ ಬುರುಡೆ ಅಷ್ಟೇ. ಇಷ್ಟು ಜನ ಸಾಯಿ ಅಂತ ಬರ್ದಿದ್ದಾರಾ ಅಂತ ಕೇಳಿದ್ರು. ನಾನು ಸುಮ್ನಿದ್ದೆ.”

“ಯಾಕಮ್ಮ ಸುಮ್ಮನಿದ್ದೆ?”

“ನಗ್ತಿದ್ದಾರೆ ಅಂದ್ರೆ ಯಾಕೆ ನಗ್ತಿದ್ದಾರೆ ಅಂತ ಕೇಳ್ತಾರೆ. ಅವರ ಬಗ್ಗೆ ಹೇಳಿದ ಮಾತಿಗೇ ನಕ್ಕಿದ್ದು ಅಂತ ಹೆಂಗೆ ಹೇಳ್ಲಿ?” ಅವಳ ದನಿ ಸಣ್ಣದಾಯಿತು. “ಒಳಗೆ ವಿಡಿಯೋ ಹಾಕಿಸ್ಬೇಡಿ ಮೇಡಂ.”

ಏನೆಂದು ಮಾತು ಕೊಡಲಿ? ನನ್ನ ಕೈಯಲ್ಲಿ ಇದ್ದ ಒಂದೇ ಸಾಕ್ಷಿ ಆ ವಿಡಿಯೋ. ಅದನ್ನು ತೋರಿಸಿದರೆ ಸಿಂಚನಾ ಪರೀಕ್ಷೆಗೆ ಕೂರುತ್ತಾಳೆ. ತೋರಿಸದಿದ್ದರೆ ಗಿರಣಿಯ ಮುಂದೆ ಕುಂಟುತ್ತ ಕಾಯುತ್ತಿರುವ ತಮ್ಮನಿಗೆ ಏನು ಹೇಳಲಿ? “ನೋಡೋಣಮ್ಮ” ಎಂದೆ. ಆ ‘ನೋಡೋಣ’ ಎಷ್ಟು ಟೊಳ್ಳು ಎಂಬುದು ಅವಳಿಗೂ ತಿಳಿಯಿತು, ತಲೆಯಾಡಿಸಿ ಹೋದಳು. ಬೆಂಚಿಗೆ ಮರಳಿ ಸಿಂಚನಾಳಿಗೆ ಎಲ್ಲ ಹೇಳಿದೆ. ಅವಳು ತನ್ನ ಚಪ್ಪಲಿ ನೋಡುತ್ತ ಕುಳಿತಳು.

ಕೋಣೆಯಲ್ಲಿ ಉಪಪ್ರಾಂಶುಪಾಲರು ಮತ್ತು ಇಬ್ಬರು ಅಧ್ಯಾಪಕರಿದ್ದರು. ಜಬ್ಬಾರ್ ಸಾಹೇಬರು ಕಟ್ಟು ಬಿಚ್ಚಿ ಹಾಳೆಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹರಡಿದರು. ಮೊಬೈಲಿನ ಪುಟಗಳನ್ನು ದೊಡ್ಡದಾಗಿ ಮುದ್ರಿಸಿಕೊಂಡು ಬಂದಿದ್ದರು. ಬಿಳಿ ಹಾಳೆಯ ತುಂಬ ಕಪ್ಪು ಬುರುಡೆಗಳು.

“ಸಾರ್, ನಾನು ಎಸ್ಸೆಲ್ಸಿ ತನಕ ಓದಿದೋನು. ಡೆಡ್ ಬಾಡಿ ಅಂದ್ರೆ ಏನು ಗೊತ್ತು. ಟ್ರಾನ್ಸ್‌ಫಾರ್ಮರ್ ಮೇಲೆ ಈ ಬುರುಡೆ ಯಾಕೆ ಹಾಕ್ತಾರೆ ಅದೂ ಗೊತ್ತು. ಇಪ್ಪತ್ತೊಂಬತ್ತು ಜನ ನನ್ ಮಗಳ ಫೋಟೋ ಕೆಳಗೆ ಇದು ಹಾಕಿದ್ದಾರೆ. ಮೊದಲ್ನೇ ಹೆಸರು ಈ ಹುಡುಗಿದು. ಮೂರು ದಿನದಿಂದ ನಾನೇ ಸ್ಕೂಟರಲ್ಲಿ ಬಿಟ್ಟು, ಸಂಜೆ ತನಕ ಗೇಟಲ್ಲಿ ನಿಂತು ಕರ್ಕೊಂಡು ಹೋಗ್ತಾ ಇದ್ದೀನಿ. ಅಂಗಡಿ ಬಾಗಿಲು ಹಾಕಿದೆ.”

ಮೂರು ದಿನ ಆ ಮನುಷ್ಯ ಗೇಟಿನಲ್ಲಿ ನಿಂತಿದ್ದರು.

ಉಪಪ್ರಾಂಶುಪಾಲರು ನನ್ನತ್ತ ತಿರುಗಿದರು. ನಾನು ಎದ್ದು ನಿಂತು, ಈಗಿನ ವಿದ್ಯಾರ್ಥಿಗಳ ಆಡುಮಾತಿನಲ್ಲಿ ಡೆಡ್ ಎಂದರೆ ನಕ್ಕು ಸತ್ತೆ ಎಂಬ ಅರ್ಥ, ಬುರುಡೆಯೂ ಅದೇ, ಫಿನಿಶ್ಡ್ ಎಂದರೆ ಮಾನ ಹೋಯಿತು ಎಂಬಂಥ ತಮಾಷೆ, ಇದರಲ್ಲಿ ಪ್ರಾಣದ ಮಾತಿಲ್ಲ ಎಂದು ಹೇಳಿ ಕುಳಿತೆ. ಕಿರಿಯ ಅಧ್ಯಾಪಕರು ಹೌದೆಂದು ತಲೆಯಾಡಿಸಿದರು.

ಜಬ್ಬಾರ್ ಸಾಹೇಬರ ಮುಖದಲ್ಲಿ ಮೊದಲು ನಿರಾಳ ಕಂಡಿತು. ಆಮೇಲೆ ಹುಬ್ಬು ಗಂಟಿಕ್ಕಿತು. “ನಗೋದಾ? ನನ್ ಮಗಳನ್ನ ನೋಡಿ ಯಾಕೆ ಮೇಡಂ ನಗ್ಬೇಕು? ಅವಳೇನು ಮಾಡಿದ್ಲು?”

ಅಫ್ರೀನ್ ಕಿಟಕಿಯ ಕಡೆ ನೋಡುತ್ತಿದ್ದಳು.

“ವಿಡಿಯೋ ಇದೆಯಲ್ಲ, ಹಾಕಿ. ನೋಡಿಬಿಡೋಣ” ಎಂದರು ಉಪಪ್ರಾಂಶುಪಾಲರು. ಕಿರಿಯ ಅಧ್ಯಾಪಕರು ಫೋನು ತೆಗೆದರು. ನಿಜ ಹೇಳುತ್ತೇನೆ, ಬೇಡ ಎನ್ನುವ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಅವರೇ ಹಾಕುತ್ತಿದ್ದಾರೆ, ನಾನು ಹಾಕಿಸಿದ್ದಲ್ಲ ಎಂದು ಒಳಗೊಳಗೇ ಸಮಾಧಾನ ಮಾಡಿಕೊಂಡೆ.

ಸಿಂಚನಾ ಎದ್ದು ನಿಂತಳು. “ಹಾಕ್ಬೇಡಿ ಸರ್. ವಿಡಿಯೋ ಬೇಡ. ನಾನೇ ಬರ್ದಿದ್ದು, ಮೊದಲು ಬರ್ದಿದ್ದೂ ನಾನೇ. ಅವ್ಳು ಏನೂ ತಪ್ಪು ಮಾಡಿಲ್ಲ. ನನ್ನನ್ನ ಪರೀಕ್ಷೆಗೆ ಕೂರಿಸ್ದಿದ್ರೂ ಪರ್ವಾಗಿಲ್ಲ.”

“ಕೂತ್ಕೋ, ನಿನ್ನ ಕೇಳಿಲ್ಲ” ಎಂದರು ಉಪಪ್ರಾಂಶುಪಾಲರು. ಅವಳು ಕೂರಲಿಲ್ಲ. ಪರೀಕ್ಷೆಯನ್ನೇ ಪಣಕ್ಕಿಟ್ಟಳಲ್ಲ ಎಂದು ನನಗೆ ಸಿಟ್ಟು ಬಂತು.

ಆಗ ಅಫ್ರೀನ್ ಅಪ್ಪನ ಕಡೆ ತಿರುಗಿ ತಮ್ಮ ಮನೆಮಾತಿನಲ್ಲಿ, ದಖನಿಯಲ್ಲಿ, ನಿಧಾನವಾಗಿ ಹೇಳತೊಡಗಿದಳು. ಸೆಮಿನಾರ್, ದುಕಾನ್, ಬ್ಯಾಕ್‌ಸೈಡ್ ಎಂಬ ಮಾತುಗಳಷ್ಟೇ ನನಗೆ ಹೊಳೆದವು. ಜಬ್ಬಾರ್ ಸಾಹೇಬರು ಅಲ್ಲಾಡದೆ ಕೇಳಿದರು. “ಮೇರೆಕು ಕೈಕು ನೈ ಬೋಲಿ?” ಎಂದರು, ನನಗೇಕೆ ಹೇಳಲಿಲ್ಲ ಎಂದು. ಆಮೇಲೆ ಅವರು ನನ್ನನ್ನು ಕನ್ನಡದಲ್ಲಿ ಕೇಳಿದರು.

“ಮೇಡಂ, ನೀವು ಇಂಗ್ಲಿಷ್ ಟೀಚರ್ ಅಂತೀರಿ. ಬ್ಯಾಕ್‌ಸೈಡ್ ಅಂದ್ರೆ ಹಿಂದೆ ತಾನೇ? ನನ್ ಅಂಗಡಿ ಬೋರ್ಡಲ್ಲೂ ಬರ್ಸಿದ್ದೀನಿ, ಗೋಡೌನ್ ಆನ್ ಬ್ಯಾಕ್‌ಸೈಡ್ ಅಂತ.”

“ನಮ್ಮಲ್ಲಿ ಹಿಂದೆ ಅಂತಲೇ ಅರ್ಥ ಸಾಹೇಬರೇ. ನಾನೂ ಹಾಗೇ ಹೇಳುತ್ತೇನೆ. ಬೇರೆ ಕಡೆ ಅದಕ್ಕೆ ಇನ್ನೊಂದು ಅರ್ಥವಿದೆ.”

“ಅಂದ್ರೆ ಇವಳು ಹೇಳಿದ್ದು, ಅಪ್ಪ ನನ್ ಹಿಂದೆ ಇದ್ದಾನೆ ಅಂತ?”

“ಅಷ್ಟೇ ಹೇಳಿದ್ದು.”

ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಬಹಳ ಹೊತ್ತು ಒರೆಸಿದರು. ಹರಡಿದ ಹಾಳೆಗಳನ್ನು ಒಟ್ಟುಮಾಡಿಕೊಂಡು ಉಪಪ್ರಾಂಶುಪಾಲರಿಗೆ ಹೇಳಿದರು. “ಸಾರ್, ಬೆದರಿಕೆ ಅಂತ ಬರ್ದಿದ್ದೀನಲ್ಲ, ಅದು ಹೊಡೆದು ಹಾಕಿ. ಈ ಹುಡುಗಿ ಪರೀಕ್ಷೆ ಬರೀಲಿ. ನಕ್ಕಿದ್ದು ಹೊಡೆದು ಹಾಕಕ್ಕೆ ನನ್ನಿಂದ ಆಗಲ್ಲ. ಅದು ಇವಳದು, ಇವಳನ್ನ ಕೇಳಿ.”

ಅಫ್ರೀನ್‌ಳನ್ನು ಯಾರೂ ಕೇಳಲಿಲ್ಲ. ಬೆದರಿಕೆಗೆ ಸಮಿತಿಯವರ ಪುಸ್ತಕದಲ್ಲಿ ನಿಯಮವಿತ್ತು, ನಗುವುದಕ್ಕೆ ಇರಲಿಲ್ಲ. ವಿಡಿಯೋ ತೆಗೆಸಬೇಕು, ಆ ಗುಂಪನ್ನು ಮುಚ್ಚಬೇಕು, ಸಿಂಚನಾಳಿಗೆ ಒಂದು ಎಚ್ಚರಿಕೆಯ ಪತ್ರ, ಅಫ್ರೀನ್‌ಳಿಗೆ ಇಷ್ಟವಿದ್ದರೆ ಇನ್ನೊಮ್ಮೆ ಸೆಮಿನಾರ್ ಎಂದು ಬರೆದುಕೊಂಡರು. ಹನ್ನೊಂದೂವರೆಗೆ ಎಲ್ಲ ಮುಗಿಯಿತು.

ಹೊರಗೆ ಬಂದ ಮೇಲೆ ಜಬ್ಬಾರ್ ಸಾಹೇಬರು ಸ್ಕೂಟರಿನ ಹತ್ತಿರ ನಿಂತು, “ಯಶವಂತಪುರಕ್ಕೆ ತಾನೇ ಹೋಗ್ತೀರಾ? ನಮ್ ಅಂಗಡಿ ದಾರೀಲೇ ಬರುತ್ತೆ. ಚಾ ಕುಡಿದು ಹೋಗಿ ಮೇಡಂ” ಎಂದರು. ದಾರಿಯಲ್ಲಿ ಅಲ್ಲ, ಬಳಸಬೇಕು. ಆದರೂ ಹೋದೆವು. ಸಿಂಚನಾ ಬರುವುದಿಲ್ಲ ಎನ್ನಬಹುದೆಂದು ಅಂದುಕೊಂಡಿದ್ದೆ, ಅವಳೇ ಮೊದಲು ಬಸ್ಸು ಹತ್ತಿದಳು.

ಹೆಬ್ಬಾಳದಲ್ಲಿ ಬಸ್ಸು ಬದಲಿಸಿ ಆರ್.ಟಿ. ನಗರ ತಲುಪಿದಾಗ ಒಂದೂಕಾಲು. ಬಿಸಿಲು ಬಂದಿತ್ತು. ಹತ್ತು ಅಡಿ ಅಗಲದ ಅಂಗಡಿ, ಗೋಡೆಯ ತುಂಬ ಪರದೆಗಳು, ಹೊಸ ಬಟ್ಟೆಯ ಗಂಜಿ ವಾಸನೆ. ಹಾಲು ಹೆಚ್ಚಿದ ಗಟ್ಟಿ ಚಹಾ ಮತ್ತು ಖಾರ ಬಿಸ್ಕತ್ತು ಬಂದವು. ಜಬ್ಬಾರ್ ಸಾಹೇಬರು ಮೂರು ದಿನದಿಂದ ಬಾಕಿಯಿದ್ದ ಗಿರಾಕಿಗಳಿಗೆ ಫೋನು ಮಾಡುತ್ತ ಕುಳಿತರು. ಹುಡುಗಿಯರಿಬ್ಬರೂ ಪರದೆಗಳ ಮಧ್ಯೆ ನಿಂತಿದ್ದರು. ಅವರ ಮಾತು ಪೂರ್ತಿ ನನಗೆ ಕೇಳಿಸಿತು.

“ಸಾರಿ” ಎಂದಳು ಸಿಂಚನಾ.

“ಸಾರಿ ಬೇಡ. ಮೊದಲು ನೀನೇ ಯಾಕೆ ಹಾಕ್ದೆ, ಅದು ಹೇಳು.”

“ನಾನು ಹಾಕ್ದಿದ್ರೆ ಮುಂದಿನ್ ಸಲ ನನ್ ಮೇಲೆ ಹಾಕ್ತಿದ್ರು.”

ಅಫ್ರೀನ್ ಒಂದು ಪರದೆಯ ಮಡಿಕೆ ಸರಿಮಾಡಿದಳು. “ನಾನು ಹೊಸದಾಗಿ ಸೇರಿದಾಗ ನಿನ್ನನ್ನ ಆಸ್ಟೆಲ್ ಅಂತಿದ್ರಲ್ಲ, ನಾನು ಒಂದ್ ಸಲನೂ ಅಂದಿಲ್ಲ. ಗೊತ್ತಾ?”

“ಗೊತ್ತು.”

“ಗೊತ್ತಿದ್ದೂ ಹಾಕ್ದೆ.”

ಸಿಂಚನಾ ಹೌದೆಂದು ತಲೆಯಾಡಿಸಿದಳು. ಅಫ್ರೀನ್, “ಸೆಮಿನಾರ್ ಇನ್ನೊಂದ್ ಸಲ ಕೊಡ್ತೀನಿ. ಸೋಮವಾರ. ಬಂದು ಮುಂದಿನ ಬೆಂಚಲ್ಲಿ ಕೂತ್ಕೋ, ಬೇರೇನೂ ಮಾಡ್ಬೇಡ” ಎಂದು ಒಳಗೆ ಹೋದಳು. ನಾವು ಹೊರಡುವಾಗ ಅಪ್ಪ ಕರೆದ ಮೇಲೆ ಬಂದು ನನಗೆ ಕೈಮುಗಿದಳು. ಸಿಂಚನಾಳ ಕಡೆ ನೋಡಿದಳು, ನಗಲಿಲ್ಲ. ಇಬ್ಬರೂ ಅಂದೇ ಗೆಳತಿಯರಾದರು ಎಂದು ಬರೆದರೆ ಸುಳ್ಳಾಗುತ್ತದೆ.

ಅಲ್ಲಿಂದ ಯಶವಂತ‌ಪುರಕ್ಕೆ ಆಟೋ ಹಿಡಿದೆವು. ಮೂರೂವರೆಯ ರೈಲು ಅರ್ಧ ಗಂಟೆ ತಡವಿತ್ತು. ಪ್ಲಾಟ್‌ಫಾರ್ಮಿನಲ್ಲಿ ಕುಳಿತು ಸಿಂಚನಾಳಿಗೆ ಬುದ್ಧಿ ಹೇಳಬೇಕೆಂದು ಒಂದೆರಡು ಸಲ ಬಾಯಿ ತೆರೆದೆ. ಆ ಕೋಣೆಯಲ್ಲಿ ಎದ್ದು ನಿಲ್ಲಬೇಕಾದ ಹೊತ್ತಿಗೆ ಕುಳಿತೇ ಇದ್ದವಳು ನಾನು.

ರೈಲು ಬಂದು ನಿಂತಾಗ, ಮಧ್ಯಾಹ್ನದಿಂದ ನಮ್ಮ ಕರೆಗೆ ಸಿಗದಿದ್ದ ತಮ್ಮನ ಫೋನು ಸಿಂಚನಾಳಿಗೆ ಬಂತು. ನಾನು ಒಳಗೆ ಹತ್ತಿ ಕಿಟಕಿಯ ಬಳಿ ಕುಳಿತಿದ್ದೆ, ಅವಳು ಹೊರಗೆ ಕಂಬಿ ಹಿಡಿದು ನಿಂತಿದ್ದಳು. ಅವನು ಗಿರಣಿಯ ಸದ್ದಿನಲ್ಲಿ ಕೂಗಿ ಮಾತಾಡುವವನು, ನನಗೂ ಕೇಳಿಸುತ್ತಿತ್ತು.

“ಏನಾಯ್ತಮ್ಮ? ಪರೀಕ್ಷೆಗೆ ಕೂರಿಸ್ತಾರಂತಾ?”

“ಕೂರಿಸ್ತಾರಪ್ಪ.”

“ಮತ್ತೆ ಅದು, ಕೊಲೆ ಬೆದರಿಕೆ?”

“ಅದು ಬೆದರಿಕೆ ಅಲ್ಲ. ಆ ಮಾತಿಗೆ ನಗೋದು ಅಂತ ಅರ್ಥ. ನಾನು ಒಂದು ಹುಡುಗಿನ ನೋಡಿ ನಕ್ಕಿದ್ದೆ.”

ಅತ್ತಲಿಂದ ದೊಡ್ಡದೊಂದು ಉಸಿರು. “ಅಯ್ಯೋ, ನಕ್ಕಿದ್ದಾ? ಅಷ್ಟೇನಾ? ಅದಕ್ಕೆ ಇಷ್ಟು ರಾದ್ಧಾಂತ ಮಾಡಿದ್ರಾ?”

ರೈಲು ಅಲುಗಾಡಿತು. ಸಿಂಚನಾ ಕಂಬಿಯಿಂದ ಕೈ ತೆಗೆದಳು.

“ಅಷ್ಟೇ ಅಲ್ಲ ಅಪ್ಪ” ಎಂದಳು. “ಗಿರಣಿ ನಿಲ್ಸು. ಮೊದಲಿಂದ ಹೇಳ್ತೀನಿ.”

ಮುಂದಿನದು ನನಗೆ ಕೇಳಿಸಲಿಲ್ಲ. ರೈಲು ಮುಂದೆ ಸಾಗಿತು. ಕಿಟಕಿಗೆ ಕೆನ್ನೆಯೊತ್ತಿ ಹಿಂದಕ್ಕೆ ನೋಡಿದೆ. ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಹೇಳುತ್ತಲೇ ಇದ್ದಳು. ನನಗೆ ಕೈ ಬೀಸುವುದನ್ನೂ ಮರೆತಿದ್ದಳು.